ಒಟ್ಟೀಲಿಯಾ ಹುಟ್ಟಿಸಿದ ಹೆಂಗಸು

ಮಾಟಗಾತಿಯರೆಂದು ಹೆಂಗಸರನ್ನು ಸುಡುತ್ತಿದ್ದ ಕಾಲ. ಆ ವರ್ಷ ಮೇ ತಿಂಗಳಲ್ಲಿ ಹಿಮ ಸುರಿದು ಊರಿನ ದ್ರಾಕ್ಷಿ ಚಿಗುರೆಲ್ಲ ಕರಕಲಾಯಿತು. ಯಾರಾದರೂ ಮಾಟ ಮಾಡಿರಲೇಬೇಕಲ್ಲ! ಬಳ್ಳಿ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದ ವಿಧವೆ ಒಟ್ಟೀಲಿಯಾಳನ್ನು ಎಳೆದು ತಂದು, ಕೈ ಹಿಂದಕ್ಕೆ ಬಿಗಿದು ಹಗ್ಗದಲ್ಲಿ ಮೇಲೆತ್ತಿದರು. ತೋಳು ಕಳಚಿಕೊಂಡಾಗ ಅವಳು ಒಪ್ಪಿಕೊಂಡಳು. ಹೌದು, ಬೆಟ್ಟದ ಮೇಲೆ ಸೈತಾನನ ಕುಣಿತಕ್ಕೆ ಹೋಗಿದ್ದೆ. ಹಿಮ ಬೀಳಿಸಿದವಳು ನಾನೇ.

ಅಷ್ಟಕ್ಕೇ ಬಿಟ್ಟಾರೆಯೇ, ಪಾಪಿಗಳು? ಆ ಕುಣಿತಕ್ಕೆ ಯಾರೂ ಒಂಟಿಯಾಗಿ ಹೋಗುವುದಿಲ್ಲವೆಂಬುದು ಅವರ ಶಾಸ್ತ್ರ. ಜೊತೆಗಾತಿಯ ಹೆಸರು ಬೇಕೇ ಬೇಕು.

"ನಿನ್ ಮಗಳು ಬಂದಿದ್ಲಾ?" ಬಿಸಿ ಸಾರು ಗುಟುಕರಿಸುತ್ತ ಕೇಳಿದ ನ್ಯಾಯಾಧಿಕಾರಿ.

"ಅಯ್ಯೋ ಬುದ್ಧಿ, ಅದಕ್ಕಿನ್ನೂ ಹಾಲುಹಲ್ಲೇ ಬಿದ್ದಿಲ್ಲ!"

"ಹಂಗಾದ್ರೆ ಇನ್ಯಾರು? ಹೇಳಮ್ಮ. ಹಗ್ಗ ಇಲ್ಲೇ ಇದೆ, ನಮಗೇನೂ ಅವಸರ ಇಲ್ಲ."

ಯಾರ ಹೆಸರೆತ್ತಿದರೂ ಆ ಮನೆ ಹಾಳು. ಆಗ ಅವಳಿಗೆ ಹೊಳೆಯಿತು: ಹುಟ್ಟದೇ ಇರುವವಳನ್ನು ಇವರು ಹೇಗೆ ಸುಟ್ಟಾರು?

"ಕುನಿಗುಂಡ್ ಅಂತ, ಬುದ್ಧಿ. ಕುಂಟಿ. ಎಡಗೆನ್ನೆ ಮೇಲೆ ಸುಟ್ಟ ಕಲೆ, ಹಸಿರು ಲಂಗ. ಯಾವೂರೋ ನಾ ಕಾಣೆ."

ಮರುದಿನ ಹಗ್ಗವಿಲ್ಲದ ಕೋಣೆಯಲ್ಲಿ ಕೂರಿಸಿ, ಅದನ್ನೇ 'ಸ್ವಂತ ಮನಸ್ಸಿನಿಂದ' ಇನ್ನೊಮ್ಮೆ ಹೇಳಿಸಿದರು. ಒಂದು ಮಾತು ಹೆಚ್ಚುಕಡಿಮೆಯಾದರೂ ಮತ್ತೆ ಹಗ್ಗವೇ ಗತಿ. ಅವಳು ತಡವರಿಸಲಿಲ್ಲ. ನನ್ನ ಮಗಳು ಬಾರ್ಬೆಲ್ ಉಳಿದುಕೊಂಡಳು ಎಂದು ಸೆರೆಕೋಣೆಯ ಒಣಹುಲ್ಲಿಗೆ ಮುಖ ಒತ್ತಿ ಮನಸಾರೆ ಅತ್ತಳು.

ಭಾನುವಾರ ಪೂಜೆಯ ಗಂಟೆ ನಿಂತ ಮೇಲೆ ಅವಳನ್ನು ಮತ್ತೆ ಕರೆಸಿದರು. ಹೊರಗಿನ ಮೆಟ್ಟಿಲಲ್ಲಿ ಯಾರೋ ಕುಂಟುತ್ತ ಬರುವ ಸದ್ದು. ಬಾಗಿಲು ತೆರೆಯಿತು. ಹಸಿರು ಲಂಗ, ಎಡಗೆನ್ನೆಯ ಮೇಲೆ ಸುಟ್ಟ ಕಲೆ.

ಒಟ್ಟೀಲಿಯಾ ಚೀರಿದಳು. "ಬುದ್ಧಿ, ನಾ ಹೇಳಿದ್ದೆಲ್ಲ ಸುಳ್ಳು! ಅಂಥವಳು ಯಾರೂ ಇಲ್ಲ! ನಾನೇ ಕಟ್ಟಿದ್ದು!"

"ಇಲ್ದೇ ಇರೋಳು ತಾನಾಗೇ ನಮ್ ಬಾಗಿಲಿಗೆ ಬಂದು ಹೆಸರು ಹೇಳಿದ್ಲಾ?" ನ್ಯಾಯಾಧಿಕಾರಿ ನಕ್ಕ.

ಒಟ್ಟೀಲಿಯಾ ಬಂದವಳ ತೋಳುಗಳನ್ನು ನೋಡಿದಳು. ನೆಟ್ಟಗಿದ್ದವು. ಮಣಿಕಟ್ಟಿನಲ್ಲಿ ಹಗ್ಗದ ಗುರುತೇ ಇರಲಿಲ್ಲ.

"ಏನಕ್ಕಾ, ಗುರುತು ಹತ್ತಲಿಲ್ವಾ?" ಎಂದಳು ಕುನಿಗುಂಡ್, ಮೆಲ್ಲಗೆ, ಅಕ್ಕರೆಯಿಂದಲೇ. "ನೀನೇ ಕರೆದೆ. ಬಂದೆ."

"ಕುಣಿತದಲ್ಲಿ ಇನ್ಯಾರಿದ್ರು?" ನ್ಯಾಯಾಧಿಕಾರಿ ಕುನಿಗುಂಡ್‌ಳನ್ನು ಕೇಳಿದ.

"ಬಾರ್ಬೆಲ್," ಎಂದಳವಳು. "ನಮ್ಮಿಬ್ಬರ ಮಧ್ಯೆ ಕೈ ಹಿಡ್ಕೊಂಡು ಕುಣೀತಿದ್ಲು, ಪಾಪ, ಕೂಸು."