ತಮಾಷೆ ವಿಡಿಯೊಗೆ ಕೊಟ್ಟ ಅಂಕ

ನಮ್ಮ ಕಚೇರಿಯಲ್ಲಿ ಐಲಿ ಕೊಸ್ಕೆಲಾ ಎಲ್ಲರಿಗಿಂತ ಹಳಬಳು. ಥಂಡರ್ ಬೇ ಊರಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯ ಮೇಲಿನ ಮಹಡಿ ನಮ್ಮದು. ಇಂಟರ್ನೆಟ್‌ನಲ್ಲಿ ಹುಡುಕಿಕೊಡುವ ಯಂತ್ರಗಳಿಗೆ ಅಂಕ ಹಾಕುವುದು ಕೆಲಸ. ಯಾರೋ ಎಲ್ಲೋ ಕೂತು ಏನನ್ನೋ ಹುಡುಕಿರುತ್ತಾರೆ. ಅವರು ಬರೆದ ಮಾತು ನಮ್ಮ ಪರದೆಗೆ ಬರುತ್ತದೆ, ಅದಕ್ಕೆ ಯಂತ್ರ ತಂದುಕೊಟ್ಟ ಪುಟಗಳೂ ಬರುತ್ತವೆ. ಬೇಕಾದದ್ದು ಸಿಕ್ಕಿತೋ ಇಲ್ಲವೋ ಎಂದು ಪ್ರತಿ ಪುಟಕ್ಕೂ ಅಂಕ ಕೊಡಬೇಕು. ಒಂದೇ ಹುಡುಕಾಟವನ್ನು ಇಬ್ಬರು ಬೇರೆ ಬೇರೆಯಾಗಿ ನೋಡುತ್ತಾರೆ. ಅಂಕಗಳು ತೀರ ದೂರವಾದರೆ ಇಬ್ಬರೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರಬೇಕು.

ಹೊಸಬರಿಗೆ ಇದನ್ನೆಲ್ಲ ಕಲಿಸುತ್ತಿದ್ದವಳು ಐಲಿ. "ನಿಮಗೆ ಇಷ್ಟವೋ ಕಷ್ಟವೋ ಅಂತ ಯಾರೂ ಕೇಳ್ತಿಲ್ಲ. ಹುಡುಕಿದೋನಿಗೆ ಏನು ಬೇಕಿತ್ತು, ಅಷ್ಟು ನೋಡಿ ಸಾಕು" ಎನ್ನುತ್ತಿದ್ದಳು. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದ ಡೇಲ್ ಕೊವಾಲ್ಚುಕ್ ಕೂಡ ಅವಳ ಪಕ್ಕದಲ್ಲಿ ಕೂತೇ ಕಲಿತವನು. ಚುರುಕು ಮನುಷ್ಯ. ನಮ್ಮ ಮೇಲಧಿಕಾರಿ ಮೌರೀನ್ ನಿವೃತ್ತಿಯಾದರೆ ಆ ಕುರ್ಚಿ ಐಲಿಗೋ ಡೇಲ್‌ಗೋ ಎಂಬ ಮಾತು ಆಗಲೇ ನಡೆದಿತ್ತು.

ಹಿಂದಿನ ವರ್ಷ, ಮಂಜುಗಡ್ಡೆ ಸಡಿಲವಾಗುವ ಕಾಲದಲ್ಲಿ, ಐಲಿಯ ಗಂಡ ರೈನೊ ಸತ್ತಿದ್ದ. ಮೀನು ಹಿಡಿದು ಹಿಮಗಾಡಿಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ವಾಪಸು ಬರುತ್ತಿದ್ದಾಗ, ದಡ ಕೂಗಳತೆಯಲ್ಲಿರುವಾಗಲೇ ಗಡ್ಡೆ ಒಡೆಯಿತು. ದಡದಲ್ಲಿ ಬಿಯರ್ ಕುಡಿಯುತ್ತಿದ್ದ ಒಂದು ಗುಂಪು ಅದನ್ನು ಫೋನಿನಲ್ಲಿ ಸೆರೆಹಿಡಿದು ಎಲ್ಲರಿಗೂ ಹಂಚಿತು. ಊರೆಲ್ಲ ನೋಡಿತು. ಐಲಿ ನೋಡಲಿಲ್ಲ.

ಅದಾದ ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳ ಪರದೆಗೆ ಒಂದು ಹುಡುಕಾಟ ಬಂತು: "ಥಂಡರ್ ಬೇ ಮುದುಕ ಮುಳುಗೋ ತಮಾಷೆ ವಿಡಿಯೊ".

ಗುರುತಿನವರ ವಿಷಯ ಬಂದರೆ ಬಿಟ್ಟುಬಿಡಬಹುದು ಎಂಬ ನಿಯಮ ನಮ್ಮಲ್ಲಿದೆ. ಐಲಿ ಬಿಡಲಿಲ್ಲ. ಬಿಟ್ಟರೆ ಅದು ಇನ್ನೊಬ್ಬರಿಗೆ ಹೋಗುತ್ತದೆ, ಅವರು ಸರಿಯಾದ ಅಂಕವನ್ನೇ ಹಾಕುತ್ತಾರೆ. ಅದು ಅವಳಿಗೆ ಬೇಕಿರಲಿಲ್ಲ. ತೆರೆದು ನೋಡದೆಯೇ ವಿಡಿಯೊದ ಪುಟಕ್ಕೆ ಸೊನ್ನೆ ಹಾಕಿದಳು. ತೆಳು ಗಡ್ಡೆಯ ಮೇಲೆ ಹೋಗಬೇಡಿ ಎಂದು ಪೊಲೀಸರು ಬರೆದಿದ್ದ ಪುಟಕ್ಕೆ ಪೂರ್ತಿ ಅಂಕ ಕೊಟ್ಟಳು. ಅವಳು ಬೇಕೆಂದೇ ತಪ್ಪು ಅಂಕ ಹಾಕಿದ್ದು ಅದೇ ಮೊದಲು.

ಅದೇ ಹುಡುಕಾಟವನ್ನು ನೋಡಿದ ಇನ್ನೊಬ್ಬ ಡೇಲ್. ಅವನ ಅಂಕಗಳು ತದ್ವಿರುದ್ಧವಾಗಿದ್ದವು. ರೈನೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಐಲಿ, ಇಲ್ಲೊಂದು ತಾಳೆ ಆಗ್ತಿಲ್ಲ. ಬನ್ನಿ, ಕೂತು ಮುಗಿಸೋಣ" ಎಂದ, ಎಲ್ಲರಿಗೂ ಕೇಳುವ ಹಾಗೆ.

"ಅದೇನು ಅಂತ ನಿನಗೆ ಗೊತ್ತಲ್ಲ ಡೇಲ್."

"ಗೊತ್ತು. ಸೊನ್ನೆ ಯಾಕೆ ಹಾಕಿದ್ರಿ?"

"ಅವನು ಕೇಳಿರೋದು ತಮಾಷೆ ವಿಡಿಯೊ. ಇದರಲ್ಲಿ ತಮಾಷೆ ಇಲ್ಲ."

"ಹೌದಾ? ನೋಡಿದೀರಾ?"

ಐಲಿ ಇಲ್ಲವೆಂದು ತಲೆಯಾಡಿಸಿದಳು.

"ನೋಡದೆ ಅಂಕ ಹಾಕೋದನ್ನ ನಮಗೆ ಯಾವತ್ತು ಕಲಿಸಿದ್ರಿ ನೀವು?"

ಮಾತು ಕೇಳಿ ಮೌರೀನ್ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಐಲಿ ಅವಳ ಕಡೆ ತಿರುಗಿ, "ಇದನ್ನ ನನ್ನಿಂದ ತೆಗೆದುಬಿಡೇ" ಎಂದಳು.

"ಬಂದಾಗಲೇ ಬಿಡಬಹುದಿತ್ತು ಕಣೇ. ಅಂಕ ಹಾಕಿದ ಮೇಲೆ ತೆಗೆಯೋಕೆ ಬರಲ್ಲ. ಬೇಗ ಮುಗಿಸಿಬಿಡಿ" ಎಂದು ಮೌರೀನ್ ಒಳಗೆ ಹೋದಳು.

ಡೇಲ್ ಪರದೆಯನ್ನು ಐಲಿಯ ಕಡೆ ತಿರುಗಿಸಿ ಸದ್ದು ಏರಿಸಿದ.

ಗಾಡಿ ಆಗಲೇ ಮುಳುಗಿತ್ತು. ರೈನೊ ಎದೆಯವರೆಗೆ ನೀರಿನಲ್ಲಿ ಮುಳುಗಿ ಗಡ್ಡೆಯ ಅಂಚನ್ನು ಹಿಡಿದುಕೊಂಡಿದ್ದ. ಹಿಡಿತ ಸಿಗಲಿ ಎಂದು ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಡಿದ. "ಲೋ, ತಾತ ಬಟ್ಟೆ ಬಿಚ್ತಿದ್ದಾನೆ ಕಣ್ರೋ, ಈಜೋಕೆ ಹೊರಟ" ಎಂದು ಒಂದು ಗಂಡು ದನಿ. ಗೊಳ್ಳೆಂದು ನಗು. "ನೀರು ಬೆಚ್ಚಗಿದೆಯಾ ತಾತಾ?" ಎಂದು ಒಬ್ಬಳು ಕೂಗಿದಳು. ಅಂಚು ಮುರಿಯಿತು. ಅವನು ಇನ್ನೊಂದು ಕಡೆ ಹಿಡಿದ. ಅದೂ ಮುರಿಯಿತು. ನಗು ನಿಂತಾಗ ನೀರಿನ ಮೇಲೆ ಏನೂ ಇರಲಿಲ್ಲ.

"ನಗ್ತಿದ್ದಾರಾ?" ಎಂದ ಡೇಲ್.

ಐಲಿ ಪರದೆಯನ್ನೇ ನೋಡುತ್ತಿದ್ದಳು.

"ಹೇಳಿ ಐಲಿ. ನಗ್ತಿದ್ದಾರೋ ಇಲ್ವೋ?"

"ನಗ್ತಿದ್ದಾರೆ."

"ಮುದುಕನಾ?"

"ಅರವತ್ತೊಂದು ಅವನಿಗೆ."

"ನಾನು ವಯಸ್ಸು ಕೇಳಲಿಲ್ಲ. ಹುಡುಕಿದೋನ ಕಣ್ಣಿಗೆ ಮುದುಕನೋ ಅಲ್ವೋ?"

"ಮುದುಕ."

"ಮುಳುಗ್ತಾನಾ?"

"ಮುಳುಗ್ತಾನೆ."

"ಹಾಗಾದ್ರೆ ಎಷ್ಟು ಹಾಕೋಣ?"

"ಪೂರ್ತಿ."

"ನೀವೇ ಒತ್ತಿ. ನಾನು ಒತ್ತಿದ್ರೆ ಬಲವಂತ ಮಾಡಿದ ಹಾಗೆ ಆಗುತ್ತೆ."

ಅವಳು ಒತ್ತಿದಳು. ಎದ್ದು ಮುಖ ತೊಳೆದುಕೊಂಡು ಬಂದು ಮುಂದಿನ ಹುಡುಕಾಟಕ್ಕೆ ಕೂತಳು. ನಾವು ಯಾರೂ ತಲೆ ಎತ್ತಲಿಲ್ಲ.

ಬೇಸಿಗೆಗೆ ಮುಂಚೆಯೇ ಮೌರೀನ್ ನಿವೃತ್ತಿಯಾದಳು, ಡೇಲ್ ಅವಳ ಕೋಣೆಗೆ ಬಂದ. ಪಾಠಕ್ಕೆ ಬಳಸುವ ಉದಾಹರಣೆಗಳಲ್ಲಿ ಆ ಹುಡುಕಾಟವನ್ನೂ ಸೇರಿಸಿದ. ಇಬ್ಬರು ಹಳಬರು ಮೊದಲು ಒಪ್ಪದೆ, ಆಮೇಲೆ ಒಪ್ಪಿದ ಹುಡುಕಾಟ ಇದು. ಹೊಸಬರಿಗೆ ಬೇರೆ ಯಾವುದರಿಂದಲೂ ಇದಕ್ಕಿಂತ ಚೆನ್ನಾಗಿ ಅರ್ಥವಾಗುವುದಿಲ್ಲ ಎಂದ. ಕಲಿಸುವ ಕೆಲಸ ಮಾತ್ರ ಐಲಿಯದೇ ಉಳಿಯಿತು.

ಅವಳು ಬಿಟ್ಟು ಹೋಗುತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಹೋಗಲಿಲ್ಲ. ಊಟದ ಹೊತ್ತಿನಲ್ಲಿ ನಾನೇ ಕೇಳಿದೆ, "ಹೇಗೆ ತಡ್ಕೊಂಡಿದೀಯ ಐಲಿ?"

"ನಾನು ಬಿಟ್ರೆ ಅವನು ಕಲಿಸ್ತಾನೆ. ಸೌಂಡ್ ಇಟ್ಟು ತೋರಿಸ್ತಾನೆ" ಎಂದಳು. "ನಾನು ಸೌಂಡ್ ತೆಗೆದು ತೋರಿಸ್ತೀನಿ."

ಹಾಗೇ ನಡೆಯಿತು ಸ್ವಲ್ಪ ಕಾಲ. ಆಮೇಲೆ ಬಂದ ತಂಡದಲ್ಲಿ ಒಬ್ಬಳು ಇದ್ದಳು, ಗಮನ ಕೊಟ್ಟು ಕೇಳುವವಳು. ವಿಡಿಯೊ ಮುಗಿದ ಮೇಲೆ ಕೈ ಎತ್ತಿದಳು.

"ಮೇಡಂ, ಸೌಂಡ್ ಇಲ್ಲದೆ ಇದು ತಮಾಷೆ ಅಂತ ಹೇಗೆ ಗೊತ್ತಾಗುತ್ತೆ?"

ಗಾಜಿನ ಗೋಡೆಯ ಆಚೆ ಡೇಲ್ ತಲೆ ಎತ್ತಿ ನೋಡಿದ. ಐಲಿ ಆ ಹೆಂಗಸಿನ ಮುಖವನ್ನು ದಿಟ್ಟಿಸಿದಳು. ಅಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಸರಿಯಾಗಿ ಕೇಳಿದೆ" ಎಂದಳು. ಬಾಗಿ, ವಿಡಿಯೊವನ್ನು ಮೊದಲಿಗೆ ತಂದು, ಸದ್ದು ಏರಿಸಿದಳು.