ಪಾತ್ರೆ ಅಂಗಡಿಯ ಪಾಸ್‌ವರ್ಡ್

"ಮೊದ್ಲು ಪಾಸ್‌ವರ್ಡ್ ಹೇಳಿ, ಆಮೇಲೆ ಪಾತ್ರೆ," ಎಂದ ಯೋಗರಾಜ್, ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು.

"ಲೋ, ನಾನು ಕಣೋ! ಅಡುಗೆ ಗಂಗಾಧರಪ್ಪ. ಶಿವಮೊಗ್ಗದಿಂದ."

"ಹೋದ್ಸಲ ಫೋನ್ ಮಾಡಿದ ಕಳ್ಳನೂ ಇದನ್ನೇ ಹೇಳಿದ್ದ ಅಣ್ಣ. ಊಟದ ತಟ್ಟೆಯೆಲ್ಲ ಹೊಡ್ಕೊಂಡು ಹೋದ."

ಭದ್ರಾವತಿಯ ಹಳೇನಗರದಲ್ಲಿ ಬಾಡಿಗೆ ಪಾತ್ರೆಯ ವ್ಯವಹಾರ ನಡೆಯುತ್ತಿದ್ದುದೇ ಫೋನಿನ ಮೇಲೆ. ಅಡುಗೆಯವರು ಹೆಸರು ಹೇಳಿದರೆ ಲಗೇಜ್ ಆಟೋ ಹೊರಡಬೇಕು. ಗುರುತು ಕೇಳುವುದು ಮರ್ಯಾದೆಯಲ್ಲ. ತಟ್ಟೆಗಳು ಹೋದ ಮೇಲೆ ಯೋಗರಾಜನ ತಾಯಿ ಹುಲಿಗೆಮ್ಮ ಕಂಗಾಲಾಗಿದ್ದಳು. ಗಂಡ ತೀರಿಕೊಂಡಾಗ ಕಾರ್ಖಾನೆ ಕೊಟ್ಟ ದುಡ್ಡೆಲ್ಲ ತಾಮ್ರದ ಪಾತ್ರೆಗಳಾಗಿ ಅಂಗಡಿಯ ಕೋಣೆಯಲ್ಲಿ ಕೂತಿತ್ತು. ಆಗ ಮಗನೇ ಉಪಾಯ ಹೂಡಿದ: ಖಾಯಂ ಗಿರಾಕಿಗಳಿಗೆ ಮಾತ್ರ ಗೊತ್ತಿರುವ ಒಂದು ಡೈಲಾಗು.

ಅತ್ತ ಗಂಗಾಧರಪ್ಪ ಗಂಟಲು ಸರಿಮಾಡಿಕೊಂಡ. ಹಿಂದೆ ಛತ್ರದ ಗದ್ದಲ ಕೇಳುತ್ತಿತ್ತು. "ಹುಲಿ ಹಸಿದಿದೆ... ಎಲೆ ಹಾಕು," ಎಂದ, ಪಿಸುದನಿಯಲ್ಲಿ.

"ಗತ್ತು ಸಾಲ್ದು. ವಿಲನ್ ಎದ್ರಿಗಿದಾನೆ ಅಂದ್ಕೊಳ್ಳಿ!"

"ಹುಲಿ ಹಸಿದಿದೆ! ಎಲೆ ಹಾಕು!"

ಫೋನಿನಾಚೆ ಒಂದಷ್ಟು ಮಂದಿ ಗೊಳ್ಳೆಂದು ನಕ್ಕರು.

"ದೊಡ್ಡೋರ ಹತ್ರ ಏನೋ ಅದು ಆಟ?" ಎಂದಳು ಹುಲಿಗೆಮ್ಮ.

"ಸೆಕ್ಯೂರಿಟಿ ಕಣಮ್ಮ."

ಸಂಜೆ ಟೀ ಅಂಗಡಿಯಲ್ಲಿ ಅವನು ಗಂಗಾಧರಪ್ಪನ ದನಿಯಲ್ಲೇ ಅದನ್ನು ಆಡಿ ತೋರಿಸಿದ. ಅಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. "ತ್ಯಾವರೆಕೊಪ್ಪ ಸಫಾರಿಯ ಹುಲೀನೇನೋ ಮಾರಾಯ?" ಎಂದರು ಯಾರೋ. ಎಲ್ಲರೂ ಟೀ ಚೆಲ್ಲಿಕೊಂಡು ನಕ್ಕರು. ಕೆಲವೇ ದಿನಗಳಲ್ಲಿ ಆಟೋದವರು ಹಾರ್ನಿನ ಬದಲು ಅದನ್ನೇ ಕೂಗತೊಡಗಿದರು.

ಮದುವೆ ಸೀಸನ್ನಿನಲ್ಲಿ ಮತ್ತೆ ಫೋನು ಬಂತು. "ಗಂಗಾಧರಪ್ಪ ಮಾತಾಡೋದು. ನೆಗಡಿ ಆಗಿದೆ," ಎಂದಿತು ಕಟ್ಟಿದ ದನಿ. ಕೇಳುವ ಮೊದಲೇ ಗುಡುಗಿತು: "ಹುಲಿ ಹಸಿದಿದೆ! ಎಲೆ ಹಾಕು!"

"ಸೂಪರ್ ಅಣ್ಣ! ಇವತ್ತು ಬಂತು ನೋಡಿ ಗತ್ತು!"

ಹೊಳಲೂರಿನಲ್ಲಿ ದೊಡ್ಡ ಮದುವೆಯಂತೆ. ಕೊಪ್ಪರಿಗೆ, ಹಂಡೆ, ಬಡಿಸುವ ಬಕೆಟ್ಟು ಎಲ್ಲವೂ ಆಟೋ ಹತ್ತಿದವು. ಆ ಊರ ಹೊರಗೇ ಮದುವೆ ಮನೆಯವರೆಂದು ಎದುರಾದ ಇಬ್ಬರು ಡ್ರೈವರನಿಗೆ ಟೀ ಕುಡಿಸಿ, ಪಾತ್ರೆಗಳನ್ನು ಬಲು ಮರ್ಯಾದೆಯಿಂದ ಲಾರಿಗೆ ಏರಿಸಿಕೊಂಡರು.

ಮದುವೆ ಮುಗಿಯುವ ದಿನ ಕಳೆದರೂ ಪಾತ್ರೆ ಬರಲಿಲ್ಲ. ಹುಲಿಗೆಮ್ಮ ಗಂಗಾಧರಪ್ಪನಿಗೆ ಫೋನ್ ಮಾಡಿದಳು.

"ನಾನೆಲ್ಲಿ ಪಾತ್ರೆ ಕೇಳಿದೆ ಹುಲಿಗೆಮ್ಮ? ಅವತ್ತು ಬೀಗರ ಮುಂದೆ ಕೋಡಂಗಿ ಆದ್ಮೇಲೆ ಶಿವಮೊಗ್ಗದಲ್ಲೇ ಬೇರೆ ಕಡೆ ತಗೊಳ್ತಿದೀನಿ. ಈ ವಯಸ್ಸಲ್ಲಿ ನಂಗ್ಯಾಕಮ್ಮ ಹುಲಿ, ಎಲೆ?"

ಯೋಗರಾಜ್ ಠಾಣೆಗೆ ಓಡಿದ. "ಗುಟ್ಟಿನ ಮಾತು ಯಾರ್ಯಾರಿಗೆ ಗೊತ್ತಿತ್ತಯ್ಯಾ?" ಎಂದು ಕೇಳಿದ ಪೇದೆ.

"ಖಾಯಂ ಗಿರಾಕಿಗಳಿಗೆ ಮಾತ್ರ ಸಾರ್."

"ಯಾವ್ದದು, ಹುಲಿ ಹಸಿದಿದೆನಾ?" ಪೇದೆ ಪೆನ್ನು ಕೆಳಗಿಟ್ಟ. "ನನ್ ಮಗಳೂ ಊಟಕ್ಕೆ ಕೂತ್ರೆ ಅದನ್ನೇ ಕೂಗ್ತಾಳೆ."



ಯೋಗರಾಜ್ ಅಂಗಡಿಗೆ ಮರಳಿದಾಗ ಹುಲಿಗೆಮ್ಮ ಉಳಿದಿದ್ದ ಒಂದು ಸೌಟನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕೊಪ್ಪರಿಗೆಗಳಿದ್ದ ಕಡೆ ನೆಲದ ಮೇಲೆ ದುಂಡನೆಯ ಗುರುತುಗಳಿದ್ದವು. ಫೋನು ಬಡಿದುಕೊಂಡಿತು. ಖಾಲಿ ಕೋಣೆಯಲ್ಲಿ ಅದರ ಸದ್ದು ಮೊದಲಿಗಿಂತ ಜೋರಾಗಿತ್ತು. ಅವಳು ತಲೆ ಎತ್ತದೆ ಸೌಟನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು.