ದೊಡ್ಡಮ್ಮ, ಸೊಸೆ ಮತ್ತು ಏರಿನ ನಡುವೆ ನಿಂತ ಕಥೆ

೧

ಈ ಕಥೆಯನ್ನು ಸ್ಟಾರ್ಟ್ ಮಾಡುವುದು ಹೇಗೆ? ಕೀಲಿ ತಿರುಗಿಸಿ ಶುರುಮಾಡಿದರೆ ಹೊಸ ಕಾರಿನ ಕಥೆಯಾಗುತ್ತದೆ, ಹಿಂದಿನಿಂದ ತಳ್ಳಿ ಶುರುಮಾಡಿದರೆ ಹಳೆಯದರದ್ದು. (ಹೊಸ ಕಾರಿಗೆ ಕೀಲಿಯೇ ಇಲ್ಲ, ಗುಂಡಿ ಒತ್ತಬೇಕು. ನೋಡಿ, ಎರಡನೇ ವಾಕ್ಯದಲ್ಲೇ ಎಡವಿದೆ. ಕ್ಷಮಿಸಿ.)

ಟೀಚರಮ್ಮನಿಂದಲೇ ಹೊರಡೋಣ. ಕಾರು ಓಡಿಸಲು ಕಲಿಸುವುದು ಅವರ ಕಸುಬು. ಅವರ ಬಳಿ ಎರಡು ಕಾರುಗಳಿವೆ. ಹಳೆಯದರ ಹೆಸರು ದೊಡ್ಡಮ್ಮ. ಅದರ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಬೇಕು. ಮೂರನೇ ಗೇರ್ ಹಾರಿಬೀಳದಂತೆ ಎಡ ಮೊಣಕಾಲನ್ನು ಪಕ್ಕಕ್ಕೆ ವಾಲಿಸಿ ಗೇರ್ ಲಿವರನ್ನು ಒತ್ತಿ ಹಿಡಿಯಬೇಕು. ಹೊಸದರ ಹೆಸರು ಸೊಸೆ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಮಾಡಿದರೇ ಅದಕ್ಕೆ ಸಿಟ್ಟು.

"ನಿಮ್ಮ ದೊಡ್ಡಮ್ಮ ದಿನಾ ಕೆಮ್ಮುತ್ತಾಳೆ," ಎನ್ನುತ್ತಾರೆ ಟೀಚರಮ್ಮನ ಗಂಡ. ಸೊಸೆಯನ್ನು ಹಟ ಹಿಡಿದು ತಂದವರು ಅವರೇ.

"ಕೆಮ್ಮಿದರೆ ಕಷಾಯ ಸಾಕು. ನಿಮ್ಮ ಸೊಸೆ ಕೆಮ್ಮೋದೇ ಇಲ್ಲ, ನೇರ ಐಸಿಯುಗೇ ಹೋಗ್ತಾಳೆ," ಎನ್ನುತ್ತಾರೆ ಟೀಚರಮ್ಮ.

ಇಬ್ಬರ ಮಾತೂ ನಿಜ. ದೊಡ್ಡಮ್ಮನ ಒಂದು ತಿಂಗಳ ರಿಪೇರಿಗೆ ಒಂದು ಜೊತೆ ಚಪ್ಪಲಿಯ ಬೆಲೆ ಸಾಕು, ಆದರೆ ಅದು ಪ್ರತಿ ತಿಂಗಳೂ ಚಪ್ಪಲಿ ಸವೆಸುತ್ತದೆ. ಸೊಸೆ ಇದುವರೆಗೆ ಯಾರನ್ನೂ ನಡುದಾರಿಯಲ್ಲಿ ಕೈಬಿಟ್ಟಿಲ್ಲ. ಆದರೆ ಮುಂದಿನ ಒಂದು ದೀಪ ಒಡೆದಾಗ, ಅದನ್ನು ಬದಲಿಸಲು ಹೇಳಿದ ಬೆಲೆಗೆ ದೊಡ್ಡಮ್ಮನನ್ನೇ ಮಾರಬೇಕಾಗುತ್ತಿತ್ತು. (ನಾನು ಯಾರ ಪರವೂ ಅಲ್ಲ. ಈ ಪ್ಯಾರಾದಲ್ಲಿ ಇಬ್ಬರಿಗೂ ಸಮನಾಗಿ ಬೈದಿದ್ದೇನೆಯೇ ಎಂದು ನಾಲ್ಕು ಸಲ ಓದಿ ನೋಡಿದ್ದೇನೆ.)

೨

ಈಗ ಅವಳನ್ನು ಕರೆತರಬೇಕು. ಟೀಚರಮ್ಮನ ನಾದಿನಿ, ಗಂಡನ ತಂಗಿ. ಅವಳಿಗೆ ಸಂಚಾರಿ ಲೈಬ್ರರಿಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿದೆ, ಸಿಕ್ಕಂತಾಗಿದೆ. ಸೋಮವಾರ ಲೈಸೆನ್ಸ್ ತೋರಿಸಿದರೆ ಕೆಲಸ ಅವಳದು, ಇಲ್ಲವಾದರೆ ಮುಂದಿನವರದು. ಹುಡುಗಿ ಎರಡು ಸಲ ಫೇಲಾಗಿದ್ದಾಳೆ. ಮೊದಲ ಸಲ ಹೆಸರು ಕೂಗಿದಾಗ ದೊಡ್ಡಮ್ಮ ಸ್ಟಾರ್ಟೇ ಆಗಲಿಲ್ಲ. ಎರಡನೇ ಸಲ ಸೊಸೆಯಲ್ಲಿ ಕೂತು ಜುಮ್ಮೆಂದು ಹೋಗುತ್ತಿದ್ದವಳು, ವೇಗ ಬಂದ ಕೂಡಲೇ ಅಭ್ಯಾಸಬಲದಿಂದ ಮೊಣಕಾಲು ವಾಲಿಸಿದಳು. ಅದು ಲಿವರಿಗೆ ತಗುಲಿ ಗಾಡಿ ನ್ಯೂಟ್ರಲ್‌ಗೆ ಬಿತ್ತು, ಸೊಸೆ ಊಳಿಡುತ್ತಾ ನಿಂತುಬಿಟ್ಟಳು.

ಅಂದರೆ ಒಂದಕ್ಕೊಂದು ಸಮ. ಇವತ್ತು ಕೊನೆಯ ಅವಕಾಶ. ಪರೀಕ್ಷೆಯ ಮೈದಾನದ ಗೇಟಿನ ಬಳಿ ಎರಡೂ ಕಾರುಗಳು ನಿಂತಿವೆ. ಯಾವುದನ್ನು ಒಳಗೆ ಕಳಿಸುವುದು ಎಂದು ಟೀಚರಮ್ಮ ಯೋಚಿಸುತ್ತಿದ್ದಾರೆ. ನಾನೂ ಯೋಚಿಸುತ್ತಿದ್ದೇನೆ.

"ಸಾರ್, ನೀವು ಆರಾಮಾಗಿ ಕೂತು ಯೋಚಿಸಿ," ಎನ್ನುತ್ತಾಳೆ ನಾದಿನಿ ನನ್ನತ್ತ ತಿರುಗಿ. "ಇಲ್ಲಿ ನನ್ನ ಹೆಸರು ಕೂಗ್ತಿದಾರೆ!"

೩

(ಹಾರಿಬಿತ್ತು. ಮೊಣಕಾಲಿನಿಂದ ಒತ್ತಿ ಹಿಡಿದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.)

೪

ಸರಿ, ಸೊಸೆಯನ್ನೇ ಕಳಿಸಿದೆ. ಎಡ ಮೊಣಕಾಲು ವಾಲದಂತೆ ನಾದಿನಿ ತೊಡೆಯನ್ನು ದುಪಟ್ಟಾದಿಂದ ಸೀಟಿಗೆ ಕಟ್ಟಿಕೊಂಡಿದ್ದಳು. ಎಂಟರ ಆಕಾರದಲ್ಲಿ ಸುತ್ತಿದಳು, ರಿವರ್ಸ್ ತೆಗೆದಳು. ಕೊನೆಯದು ಏರು: ಅರ್ಧದಲ್ಲಿ ನಿಲ್ಲಿಸಿ, ಒಂದಿಷ್ಟೂ ಹಿಂದಕ್ಕೆ ಜಾರದೆ ಮತ್ತೆ ಹತ್ತಬೇಕು. ಅವಳು ನಿಲ್ಲಿಸಿದಳು. ಸೊಸೆ ತಾನೇ ಬ್ರೇಕ್ ಹಿಡಿದುಕೊಂಡಳು, ತಾನೇ ಬಿಟ್ಟಳು, ತಾನೇ ಹತ್ತಿದಳು. ಪಾಸ್!

ಬರೆದದ್ದನ್ನು ಮತ್ತೊಮ್ಮೆ ಓದಿದೆ. ಹತ್ತಿದ್ದು ಗಾಡಿ, ಅವಳಲ್ಲ. ಅಳಿಸಲು ಹೊರಟೆ.

"ಅಯ್ಯೋ, ಮುಟ್ಟಬೇಡಿ!" ನಾದಿನಿ ಕಿರುಚಿದಳು. "ಯಾರು ಹತ್ತಿದ್ರೇನು? ಲೈಸೆನ್ಸ್ ಮೇಲಿರೋದು ನನ್ನ ಫೋಟೋ ತಾನೇ?"

"ಅವಳು ಹೇಳೋದು ಸರಿ, ಹಾಗೇ ಬಿಡಿ," ಎಂದರು ಅವಳ ಅಣ್ಣ, ಟೀಚರಮ್ಮನ ಗಂಡ. ಅವರಿಗೆ ಸೊಸೆ ಗೆದ್ದ ಖುಷಿ.

ಟೀಚರಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡರು. "ಸೋಮವಾರದಿಂದ ನೀನು ಓಡಿಸೋ ಆ ಲೈಬ್ರರಿ ವ್ಯಾನ್ ನೋಡಿದ್ದೀಯೇನೇ? ದೊಡ್ಡಮ್ಮನಿಗೇ ದೊಡ್ಡಮ್ಮ ಅದು. ಏರಿನಲ್ಲಿ ಪುಸ್ತಕ ತುಂಬ್ಕೊಂಡು ನಿಂತಾಗ ಈ ಸೊಸೆ ಬಂದು ಬ್ರೇಕ್ ಹಿಡೀತಾಳಾ? ಅಳಿಸಿ ಸಾರ್."

ಅಳಿಸಿದೆ. ನಾದಿನಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. (ಮಾನ ಉಳಿಸಿಕೊಳ್ಳುವ ಹಕ್ಕು ಬರೆಯುವವರಿಗೂ ಇದೆ.)

೪, ಎರಡನೇ ಸಲ

ದೊಡ್ಡಮ್ಮ. ಇಸ್ತ್ರಿ ಮಾಡಿದ ಅಂಗಿಯಲ್ಲೇ ಅಣ್ಣ ಹಿಂದಿನಿಂದ ತಳ್ಳಿದರು. ಮೂರನೇ ಸಲ ತಳ್ಳಿದಾಗ ಗಾಡಿ ಗಂಟಲು ಸರಿಮಾಡಿಕೊಂಡಿತು. ಟೀಚರಮ್ಮ ಹಿಂದಿನ ಸೀಟಿನಲ್ಲಿ ಕೂತರು. ಇನ್‌ಸ್ಪೆಕ್ಟರ್ ಬಂದರು. ಹೊಸಬರು, ಗಂಟುಮುಖ, ಕೈಯಲ್ಲಿ ಪ್ಯಾಡು. ಒಳಗೆ ಕೂತು, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಿಕೊಂಡರು.

ಟೀಚರಮ್ಮನಿಗೆ ಏನೋ ಹೊಳೆದಂತಾಯಿತು. ಮೇಲಕ್ಕೆತ್ತಿ ಹಾಕಬೇಕೆಂದು ಈ ಹೊಸಬರಿಗೆ ಯಾರೂ ಹೇಳಿರಲಿಲ್ಲ.

ಗಾಡಿ ಹೊರಟಿತು. ನಾದಿನಿ ಮೂರನೇ ಗೇರ್ ಹಾಕಿ ಮೊಣಕಾಲು ವಾಲಿಸಿದಳು. ಅದೇ ಹೊತ್ತಿಗೆ ಪಕ್ಕದ ಸೀಟಿನಲ್ಲಿ ಇನ್‌ಸ್ಪೆಕ್ಟರರ ಎಡ ಮೊಣಕಾಲೂ ತಾನಾಗಿ ವಾಲಿ ಬಾಗಿಲಿಗೆ ಟಕ್ಕೆಂದು ಬಡಿಯಿತು.

ಕಲಿತುಹೋದವರ ಮುಖ ಟೀಚರಮ್ಮನಿಗೆ ನೆನಪಿರುವುದಿಲ್ಲ. ಪಾಠ ಹೇಳುವಾಗ ಅವರು ನೋಡುವುದು ರಸ್ತೆಯನ್ನು ಮತ್ತು ಕಲಿಯುವವರ ಕಾಲನ್ನು. ಆ ಮೊಣಕಾಲನ್ನು ಅವರು ಎಲ್ಲಿದ್ದರೂ ಗುರುತಿಸುತ್ತಿದ್ದರು. "ಚೆನ್ನಾಗಿದ್ದೀಯೇನಪ್ಪಾ?" ಎಂಬ ಮಾತು ತುಟಿಯವರೆಗೆ ಬಂತು. ನುಂಗಿಕೊಂಡರು. ಪರಿಚಯ ಹೇಳಿಕೊಂಡು ಪಾಸಾದರೆ ಅದೂ ಸೊಸೆ ಹತ್ತಿದ ಏರೇ. ಕನ್ನಡಿಯಲ್ಲಿ ಇನ್‌ಸ್ಪೆಕ್ಟರರ ಕಣ್ಣು ಅವರ ಕಣ್ಣಿಗೆ ಸಿಕ್ಕಿತು, ತಟಕ್ಕನೆ ಪ್ಯಾಡಿಗೆ ಇಳಿಯಿತು.

ಏರು ಬಂತು. ಅರ್ಧದಲ್ಲಿ ನಿಲ್ಲಿಸಿದಳು. ದೊಡ್ಡಮ್ಮ ಒಮ್ಮೆ ಬಿಕ್ಕಿ ಆಫ್ ಆಯಿತು.

ಕೀಲಿ ತಿರುಗಿಸಿದರೆ ಟಿಕ್ ಟಿಕ್, ಅಷ್ಟೇ. ನಾದಿನಿ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು. ಉಪಾಯ ಅವಳಿಗೂ ಗೊತ್ತು, ಟೀಚರಮ್ಮನಿಗೂ ಗೊತ್ತು: ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಜಾರಲು ಬಿಟ್ಟರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಆದರೆ ಜಾರಿದರೆ ಫೇಲ್. ಜಾರದಿದ್ದರೆ ಸ್ಟಾರ್ಟ್ ಇಲ್ಲ. ಮುಂದೆ ಹೋಗಬೇಕಾದರೆ ಹಿಂದೆ ಹೋಗಬೇಕು, ಹಿಂದೆ ಹೋಗಕೂಡದು!

"ಸಾರ್, ಇದನ್ನ ಹೀಗೆ ಸಿಕ್ಕಿಸಿದ್ದು ನೀವು. ಬಿಡಿಸಿ!" ನಾದಿನಿ ಆಕಾಶ ನೋಡುತ್ತಾ ಕೂಗಿದಳು. ಇನ್‌ಸ್ಪೆಕ್ಟರ್ ತನಗೆ ಹೇಳಿದ್ದೆಂದು ತಿಳಿದು ಬೆಚ್ಚಿದರು.

೫

ಕೊನೆಗಳು ನನ್ನ ಬಳಿ ಬೇಕಾದಷ್ಟಿವೆ.

ಅ) ಸೊಸೆ ಬಂದು ಹಗ್ಗ ಕಟ್ಟಿ ದೊಡ್ಡಮ್ಮನನ್ನು ಮೇಲಕ್ಕೆಳೆಯುತ್ತಾಳೆ, ಹಳತು ಹೊಸತು ಕೈಕೈ ಹಿಡಿಯುತ್ತವೆ. (ಧಾರಾವಾಹಿಯ ಕಡೆಯ ಕಂತಿನಂತಿದೆ. ಬೇಡ. ಅಲ್ಲದೆ ಕೆಳಗೆ ಸೊಸೆಯ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿದೆ. ಏಕೆಂದು ಸರ್ವೀಸ್ ಸೆಂಟರಿಗಷ್ಟೇ ಗೊತ್ತು.)

ಇ) ದೊಡ್ಡಮ್ಮ ತಾನಾಗಿ ಸ್ಟಾರ್ಟ್ ಆಗುತ್ತದೆ. (ನೀವೂ ನಂಬುವುದಿಲ್ಲ, ದೊಡ್ಡಮ್ಮನೂ ನಂಬುವುದಿಲ್ಲ.)

ಆ) ನಡುವೆ ಇದ್ದದ್ದು, ಬರೆದದ್ದು ಎಲ್ಲಿ ಹೋಯಿತೋ. ಹುಡುಕಲು ಈಗ ಪುರಸೊತ್ತಿಲ್ಲ, ಏಕೆಂದರೆ ನಾನು ನೋಡನೋಡುತ್ತಲೇ ಇನ್‌ಸ್ಪೆಕ್ಟರ್ ಬಾಗಿಲನ್ನು ಮೇಲಕ್ಕೆತ್ತಿ ತೆಗೆದು ಕೆಳಗಿಳಿದರು.

"ಹಿಂದೆ ಜಾರಬಾರದು ಅಂತ ನಿಯಮದಲ್ಲಿದೆ," ಎಂದರು ಗಂಟುಮುಖದಲ್ಲೇ. "ತಳ್ಳಬಾರದು ಅಂತ ಎಲ್ಲೂ ಇಲ್ಲ." ಪ್ಯಾಡನ್ನು ಕಂಕುಳಲ್ಲಿ ಸಿಕ್ಕಿಸಿ ಡಿಕ್ಕಿಗೆ ಎರಡೂ ಕೈ ಒತ್ತಿದರು.

ಟೀಚರಮ್ಮ ಇಳಿದು ಪಕ್ಕಕ್ಕೆ ಬಂದು ಭುಜ ಕೊಟ್ಟರು. "ಮೊಣಕಾಲು ಇನ್ನೂ ಮರೆತಿಲ್ಲ ನೀನು."

"ಟೆಸ್ಟ್ ನಡೀತಿದೆ ಮೇಡಂ. ಮಾತಾಡಬಾರದು."

ಕೆಳಗಿನಿಂದ ಅಣ್ಣ ಏದುಸಿರು ಬಿಡುತ್ತಾ ಓಡಿಬಂದರು. "ಈ ದರಿದ್ರ ಗಾಡೀನ ನಾಳೆನೇ ಗುಜರಿಗೆ ಹಾಕ್ತೀನಿ!"

"ಹಾಕಿ. ಈಗ ತಳ್ರೀ," ಎಂದರು ಟೀಚರಮ್ಮ.

ದೊಡ್ಡಮ್ಮ ಅಲುಗಿತು. ಮೇಲಕ್ಕೆ! ಒಂದು ಗೇಣು, ಇನ್ನೊಂದು ಗೇಣು. ಏರಿನ ತಲೆ ಕೈಗೆಟುಕುವಷ್ಟು ಹತ್ತಿರವಿದೆ, ಅದರಾಚೆ ಇಳಿಜಾರು. ಅಲ್ಲಿಗೆ ಮುಟ್ಟಿದರೆ ಸಾಕು. ನಾದಿನಿ ಎರಡನೇ ಗೇರ್ ಹಾಕಿ, ಕ್ಲಚ್ ತುಳಿದು, ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದಾಳೆ. ನಮ್ಮನ್ನೇ, ಹೌದು, ಯಾವಾಗಲೋ ನಾನೂ ಬಂದು ಹೆಗಲು ಕೊಟ್ಟಿದ್ದೇನೆ.

"ಕ್ಲಚ್ ಬಿಡಲಾ ಅತ್ತಿಗೆ?"

"ತಾಳೇ, ಇನ್ನೊಂಚೂರು!"

ಪಾಸೋ ಫೇಲೋ ಎಂದು ನೀವು ಕೇಳುತ್ತೀರಿ, ನ್ಯಾಯವೇ. ಆದರೆ ಇನ್‌ಸ್ಪೆಕ್ಟರರ ಪೆನ್ನು ಜೇಬಿನಲ್ಲಿದೆ, ಪ್ಯಾಡು ಕಂಕುಳಲ್ಲಿದೆ, ನನ್ನ ಎರಡೂ ಅಂಗೈಗಳು ಕಾದ ಡಿಕ್ಕಿಯ ಮೇಲಿವೆ. ಈಗ ಪೂರ್ಣವಿರಾಮ ಹಾಕಬೇಕೆಂದರೆ ಒಂದು ಕೈ ತೆಗೆಯಬೇಕಾಗುತ್ತದೆ, ತೆಗೆದರೆ ಗಾಡಿ ಹಿಂದಕ್ಕೆ ಜಾರುತ್ತದೆ, ಜಾರಿದರೆ ಹುಡುಗಿ ಫೇಲ್, ಆದ್ದರಿಂದ ದಯವಿಟ್ಟು ಸುಮ್ಮನೆ ನಿಂತು ಓದಬೇಡಿ, ಎಡಗಡೆ ಜಾಗವಿದೆ, ನೀವೂ ಬಂದು ಒಂದು ಕೈ ಹಾಕಿ, ಹಾಂ, ಹಾಗೆ, ಇನ್ನೊಂಚೂರು, ಇನ್ನೊಂಚೂರು